ಮೆಜೆಸ್ಟಿಕ್‌ನಲ್ಲಿ ಮಲಗುವ ಹುಡುಗರನ್ನು ‘ಕೆಲಸಕ್ಕೆ’ ಕರೆದೊಯ್ಯುವವರು: ಇದಕ್ಕೆ ಏನು ಹೆಸರು?

ಊಟದ ಮನೆ (ಚರ್ಚೆ ಆರಂಭಿಸಿದವರು)

ಮೆಜೆಸ್ಟಿಕ್ ಹತ್ತಿರದ ಗಲ್ಲಿಯೊಂದರಲ್ಲಿ ಸಣ್ಣ ಊಟದ ಮನೆ ನಡೆಸುತ್ತೇನೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಉಳಿದ ಅನ್ನ, ಸಾರು ತಿನ್ನಲು ಕೆಲವು ಹುಡುಗರು ಬರುತ್ತಾರೆ. ಹಗಲು ಬಾಟಲಿ, ರಟ್ಟು ಆಯುತ್ತಾರೆ. ಲಗ್ನದ ತಿಂಗಳುಗಳಲ್ಲಿ ಛತ್ರಗಳಿಗೆ ಬಡಿಸಲು ಹೋಗುತ್ತಾರೆ. ಮಲಗುವುದು ನಿಲ್ದಾಣದಲ್ಲಿ, ಪೊಲೀಸರು ಎಬ್ಬಿಸಿದರೆ ಮೇಲ್ಸೇತುವೆಯ ಕೆಳಗೆ. ವಯಸ್ಸು ಕೇಳಿದರೆ ಎಲ್ಲರಿಗೂ ಹದಿನೆಂಟು. ಮೀಸೆ ಚಿಗುರದವನಿಗೂ ಹದಿನೆಂಟು.

ಈಚೆಗೆ ಒಬ್ಬ ವ್ಯಕ್ತಿ ಬರಲು ಶುರು ಮಾಡಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಹುಡುಗರನ್ನು ‘ತಮ್ಮ’ ಎಂದು ಕರೆಯುತ್ತಾನೆ, ಅವರ ಊಟದ ದುಡ್ಡು ತಾನೇ ಕೊಡುತ್ತಾನೆ. ಶುಂಠಿ ಹೊಲದಲ್ಲಿ ಕೆಲಸವಿದೆ, ದಿನಕ್ಕೆ 500 ರೂಪಾಯಿ, ಊಟ ವಸತಿ ಅಲ್ಲೇ ಎಂದು ಹೇಳಿ ಇಬ್ಬರನ್ನು ಕರೆದುಕೊಂಡು ಹೋದ. ಅವರಲ್ಲಿ ಒಬ್ಬನ ಹತ್ತಿರ ಮೊಬೈಲ್ ಇತ್ತು, ಈಗ ಅದು ಸ್ವಿಚ್ ಆಫ್. ಇಲ್ಲಿ ಉಳಿದ ಹುಡುಗರಿಗೆ ಊರಿನ ಹೆಸರೂ ಗೊತ್ತಿಲ್ಲ. ಠಾಣೆಯಲ್ಲಿ ವಿಚಾರಿಸಿದೆ. “ನೀವು ಅವರಿಗೆ ಏನಾಗಬೇಕು? ದೊಡ್ಡವರು, ತಾವಾಗಿ ಕೆಲಸಕ್ಕೆ ಹೋಗಿದ್ದಾರೆ, ಬಿಡಿ” ಎಂದರು.

ನನ್ನ ಪ್ರಶ್ನೆ ಇಷ್ಟೇ. ಯಾರೂ ಎಳೆದುಕೊಂಡು ಹೋಗಲಿಲ್ಲ, ಹೊಡೆಯಲಿಲ್ಲ. ಹುಡುಗರು ನಗುನಗುತ್ತಲೇ ಹೋದರು. ಇದು ಮಾನವ ಕಳ್ಳಸಾಗಣೆಯೇ, ಅಥವಾ ನನ್ನದೇ ಅತಿ ಅನುಮಾನವೇ?

---

ಸಹಾಯವಾಣಿ ಹಳಬ

ಅನುಮಾನ ಅತಿಯಾಗಿಲ್ಲ ಸ್ವಾಮಿ. ಮಕ್ಕಳ ಸಹಾಯವಾಣಿಯ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಚೀಲದಲ್ಲಿ ತುಂಬಿಕೊಂಡು ಹೋಗುವ ಕಳ್ಳರನ್ನು ನಾನು ನೋಡಿದ್ದು ಕಡಿಮೆ. ನೋಡಿದ್ದೆಲ್ಲ ನೀವು ಹೇಳುತ್ತಿರುವ ಈ ‘ಅಣ್ಣ’ನನ್ನೇ. ಮನೆ ಬಿಟ್ಟು ಬಂದ ಹುಡುಗ ರೈಲಿನಿಂದ ಇಳಿದಾಗ ಅವನಿಗೆ ಬೇಕಾದ್ದು ಮೂರು: ಊಟ, ಮಲಗುವ ಜಾಗ, ನಾಳೆ ಏನು ಎಂಬುದಕ್ಕೆ ಉತ್ತರ. ಈ ಮೂರನ್ನು ಯಾರು ಮೊದಲು ಕೊಡುತ್ತಾರೋ ಅವನು ಅವರ ಹಿಂದೆ ಹೋಗುತ್ತಾನೆ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಇಲಾಖೆಗಳಿಗೂ ಗೊತ್ತು, ಆದರೆ ಅವು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತವೆ.

ರೈಲು ನಿಲ್ದಾಣದ ಪರಿಸ್ಥಿತಿ ಸ್ವಲ್ಪ ವಾಸಿ. ದೊಡ್ಡ ನಿಲ್ದಾಣಗಳಲ್ಲಿ ಮಕ್ಕಳ ಸಹಾಯ ಕೇಂದ್ರವಿದೆ. ರೈಲ್ವೆ ರಕ್ಷಣಾ ದಳ ‘ನನ್ಹೇ ಫರಿಶ್ತೇ’ ಹೆಸರಿನ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇವರೆಗೆ 84,119 ಮಕ್ಕಳನ್ನು ರಕ್ಷಿಸಿದೆ. ಬಸ್ ನಿಲ್ದಾಣದಲ್ಲಿ ಇಂಥ ಬಿಗಿ ವ್ಯವಸ್ಥೆ ಇಲ್ಲ. ರೈಲಿನಲ್ಲಿ ಬಂದ ಹುಡುಗ ರಸ್ತೆ ದಾಟಿ ಆಚೆಯ ಬಸ್ ನಿಲ್ದಾಣಕ್ಕೆ ಬಂದರೆ ಮುಗಿಯಿತು. ಬೆಂಗಳೂರಿನಲ್ಲಿ 1980ರಿಂದ ಬೀದಿ ಮಕ್ಕಳೊಡನೆ ಇರುವ ಬಾಸ್ಕೊ ಸಂಸ್ಥೆಯವರು ಈ ಭಾಗದಲ್ಲಿ ಓಡಾಡುತ್ತಾರೆ. ಅವರನ್ನೂ ಕೇಳಿ ನೋಡಿ, ಅವರಿಗೆ ಹುಡುಗರ ಮುಖಪರಿಚಯ ಇರುತ್ತದೆ.

---

ಕರಿಕೋಟು

ವಕೀಲೆ. ಠಾಣೆಯಲ್ಲಿ ನಿಮಗೆ ಹೇಳಿದ ಮಾತು ಕಾನೂನಿನ ಪ್ರಕಾರ ನಿಲ್ಲುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು (ಹಿಂದಿನ ಐಪಿಸಿ 370) ಓದಿ. ಶೋಷಣೆಯ ಉದ್ದೇಶದಿಂದ ಒಬ್ಬರನ್ನು ನೇಮಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಒಪ್ಪಿಸುವುದು, ಪಡೆದುಕೊಳ್ಳುವುದು ಎಲ್ಲವೂ ಅದರಲ್ಲಿ ಬರುತ್ತದೆ. ಬಲಪ್ರಯೋಗವೇ ಆಗಬೇಕಿಲ್ಲ. ಮೋಸ ಸಾಕು, ಆಮಿಷ ಸಾಕು, ಅಧಿಕಾರದ ದುರುಪಯೋಗ ಸಾಕು. ಮುಖ್ಯವಾದದ್ದು ಇದು: ಬಲಿಪಶುವಿನ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಅಪರಾಧ ನಿರ್ಧಾರದಲ್ಲಿ ಗಣನೆಗೆ ಬರುವುದಿಲ್ಲ ಎಂದು ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಗುನಗುತ್ತಾ ಹೋದರು ಎಂಬುದು ಆರೋಪಿಗೆ ರಕ್ಷಣೆಯಾಗುವುದಿಲ್ಲ. ಶಿಕ್ಷೆ ಕನಿಷ್ಠ 7 ವರ್ಷ. ಹದಿನೆಂಟು ತುಂಬದವರಾದರೆ ಕನಿಷ್ಠ 10, ಇಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ಕನಿಷ್ಠ 14.

ಶುಂಠಿ ಎಂದ ಕೂಡಲೇ ನನಗೆ ನೆನಪಾಗಿದ್ದು 2018ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ಬಳಿ ಬೆಳಕಿಗೆ ಬಂದ ಪ್ರಕರಣ. ಒಂದು ಶೆಡ್ಡಿನಲ್ಲಿ ಕೂಡಿಹಾಕಿದ್ದ 52 ಜನರನ್ನು ಪೊಲೀಸರು ಬಿಡಿಸಿದರು. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಸಿಕ್ಕವರಿಗೆ ಒಳ್ಳೆಯ ಕೂಲಿಯ ಆಸೆ ತೋರಿಸಿ ಕರೆದೊಯ್ದಿದ್ದರು. ಹಗಲೆಲ್ಲ ಹೊಲದಲ್ಲಿ ದುಡಿತ, ರಾತ್ರಿ ಬೀಗ. ತಪ್ಪಿಸಿಕೊಂಡ ಒಬ್ಬರಿಂದ ಸಂಗತಿ ಹೊರಬಂತು. ಕಾಣೆಯಾದರೂ ಹುಡುಕಿಕೊಂಡು ಬರುವವರಿಲ್ಲದ ಜನ ಎಷ್ಟೋ ಇದ್ದಾರೆ. ದಲ್ಲಾಳಿ ಹುಡುಕುವುದು ಅಂಥವರನ್ನೇ.

ನೀವು ಹೇಳಿದ ವ್ಯಕ್ತಿ ಅಂಥವನೇ ಎಂದು ನಾನು ಹೇಳುತ್ತಿಲ್ಲ. ನಿಜವಾದ ಮೇಸ್ತ್ರಿಯೂ ಇರಬಹುದು. ಆದರೆ ಹೊಲ ಯಾವ ಊರಿನಲ್ಲಿದೆ ಎಂದು ನೀವು ಕೇಳಿದರೆ ನಿಜವಾದ ಮೇಸ್ತ್ರಿ ಹೇಳುತ್ತಾನೆ.

---

ನೇರಮಾತು

ಎಲ್ಲರೂ ಇಷ್ಟು ಗಂಭೀರವಾಗಿ ಬರೆಯುತ್ತಿರುವುದು ನೋಡಿ ಒಂದು ಮಾತು. ನಮ್ಮ ಸೋದರಮಾವ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟು ಮುಂಬೈಗೆ ಓಡಿಹೋದವರು. ಹೋಟೆಲಿನಲ್ಲಿ ಲೋಟ ತೊಳೆದರು, ಬೆಂಚಿನ ಮೇಲೆ ಮಲಗಿದರು. ಇವತ್ತು ಅವರದ್ದೇ ಹೋಟೆಲುಗಳಿವೆ. ಅವರ ಕಾಲದಲ್ಲಿ ಈ ಮಕ್ಕಳ ಕಲ್ಯಾಣ ಸಮಿತಿ, ಸಹಾಯವಾಣಿ ಎಲ್ಲ ಇದ್ದಿದ್ದರೆ ಹಿಡಿದು ಬಾಲಮಂದಿರಕ್ಕೆ ಹಾಕುತ್ತಿದ್ದರು, ಅಷ್ಟೇ. ಹುಡುಗರು ದುಡಿದು ತಿನ್ನಲು ಹೊರಟರೆ ಅದಕ್ಕೂ ಕಳ್ಳಸಾಗಣೆ ಎಂಬ ಹೆಸರು! ಕೆಲವು ಸಂಸ್ಥೆಗಳಿಗೆ ದೇಣಿಗೆ ಬೇಕು, ಅದಕ್ಕೆ ಇಷ್ಟು ಉಬ್ಬಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ.

---

ಮಾಟುಂಗಾ ಕನ್ನಡಿಗ

ನೇರಮಾತು ಅವರೇ, ನಿಮ್ಮ ಮಾವನಂಥವರ ನಡುವೆಯೇ ಬೆಳೆದವನು ನಾನು, ಆದ್ದರಿಂದ ಉತ್ತರಿಸುತ್ತಿದ್ದೇನೆ. ಮನೆ ಬಿಟ್ಟು ಮುಂಬೈಗೆ ಓಡಿದ ಹುಡುಗ ಧಣಿಯಾಗುವ ಕಥೆ ನಮ್ಮ ಕರಾವಳಿಯವರಿಗೆ ಪುರಾಣದಷ್ಟೇ ಪ್ರಿಯ. ಆದರೆ ಆ ಕಥೆಯಲ್ಲಿ ನಾವು ಹೇಳದೆ ಬಿಡುವ ಭಾಗವೊಂದಿದೆ. ಆ ಹುಡುಗರಲ್ಲಿ ಹೆಚ್ಚಿನವರು ಸುಮ್ಮನೆ ಎಲ್ಲಿಗೋ ಓಡಿದವರಲ್ಲ. ಊರಿನ ಯಾರೋ ಒಬ್ಬರ ವಿಳಾಸ ಕಿಸೆಯಲ್ಲಿತ್ತು. ಹೋಟೆಲಿನ ಮಾಲೀಕ ಪಕ್ಕದ ಗ್ರಾಮದವನು, ಅಡುಗೆ ಭಟ್ಟರು ಅಮ್ಮನ ಕಡೆಯ ನಂಟು. ಜಾತ್ರೆಗೆ ಊರಿಗೆ ಹೋದ ಯಾರಾದರೂ “ನಿಮ್ಮ ಹುಡುಗ ಇಂಥಲ್ಲಿದ್ದಾನೆ” ಎಂದು ತಾಯಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಹಗಲು ಲೋಟ ತೊಳೆದವರಿಗಾಗಿ ಮುಂಬೈಯಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿದವರಿದ್ದಾರೆ.

ಅಂದರೆ ಮಾಲೀಕ ಹುಡುಗನಿಗೆ ಹೊಡೆದರೆ ಊರಿನಲ್ಲಿ ಅವನ ಮರ್ಯಾದೆ ಹೋಗುತ್ತಿತ್ತು. ಆ ಒಂದು ಭಯ ನೂರು ಕಾಯ್ದೆಗಳಿಗೆ ಸಮ. ಮೆಜೆಸ್ಟಿಕ್‌ನ ಈ ಹುಡುಗರಿಗೆ ಕೆಲಸ ಕೊಡುವವನು ಯಾರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ ಹೇಳಿ?

ಇನ್ನೊಂದು. ಧಣಿಯಾದವರು ಹೇಳಿಕೊಳ್ಳಲು ಬದುಕಿದ್ದಾರೆ. ಕ್ಷಯ ಹಿಡಿದು ಹೋದವರು, ಎಲ್ಲಿ ಹೋದರೆಂದೇ ತಿಳಿಯದವರು ಯಾರ ಸೋದರಮಾವನೂ ಆಗಲಿಲ್ಲ.

---

ಕರಿಕೋಟು

‘ಉಬ್ಬಿಸುತ್ತಾರೆ’ ಎಂಬುದಕ್ಕೆ ನಾನು ಅಂಕಿ ಕೊಡುತ್ತೇನೆ, ಸಂಸ್ಥೆಗಳದ್ದಲ್ಲ, ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ್ದು. 2022ರಲ್ಲಿ ದೇಶದಲ್ಲಿ ಮಾನವ ಕಳ್ಳಸಾಗಣೆಯ 2,250 ಪ್ರಕರಣ ದಾಖಲಾಗಿವೆ. ಬಲಿಯಾದವರು 6,036. ಅವರಲ್ಲಿ 2,878 ಮಂದಿ ಹದಿನೆಂಟರೊಳಗಿನವರು. ಈ ಮಕ್ಕಳಲ್ಲಿ ಹುಡುಗಿಯರು 1,059, ಹುಡುಗರು 1,819. ಕಳ್ಳಸಾಗಣೆ ಎಂದರೆ ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗೆ ಮಾರುವುದು ಎಂದಷ್ಟೇ ನಂಬಿರುವವರು ಈ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಲಿ.

ಈಗ ಪಕ್ಕದ ಲೆಕ್ಕ. ಅದೇ ವರ್ಷ ಕಾಣೆಯಾದ ಮಕ್ಕಳೆಂದು ದೂರು ದಾಖಲಾದವರು 83,350. ಅವರಲ್ಲಿ 62,946 ಹುಡುಗಿಯರು. ಇವರೆಲ್ಲ ಕಳ್ಳಸಾಗಣೆಗೆ ಒಳಗಾದವರಲ್ಲ. ಬಹಳಷ್ಟು ಮಂದಿ ಸಿಗುತ್ತಾರೆ. ಆದರೆ ದೂರು ಕೊಡಲು ಒಬ್ಬರಾದರೂ ಇದ್ದ ಮಕ್ಕಳ ಲೆಕ್ಕ ಇದು. ಊಟದ ಮನೆಯವರ ಹುಡುಗರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

---

ಮೇಲ್ವಿಚಾರಕಿ

ಇಲ್ಲಿ ಬಂದಿದ್ದ ಒಂದು ಬರಹ ಮತ್ತು ವಿಡಿಯೊ ತೆಗೆದುಹಾಕಿದ್ದೇನೆ. “ಮಕ್ಕಳ ಕಳ್ಳರ ಗುಂಪು ಬಂದಿದೆ, ಎಲ್ಲ ಗುಂಪುಗಳಿಗೂ ಕಳುಹಿಸಿ” ಎಂಬಂಥದ್ದು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಇಂಥದೇ ಸಂದೇಶ ನಂಬಿದ ಜನ ಹೊಡೆದು ಕೊಂದರು. ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಇಂಥ ಗಾಳಿಸುದ್ದಿಗೆ ಮೊದಲು ಪೆಟ್ಟು ತಿನ್ನುವವರು ಮನೆಯಿಲ್ಲದವರೇ. ಮತ್ತೊಮ್ಮೆ ಹಾಕಿದರೆ ಖಾತೆ ಮುಚ್ಚಲಾಗುವುದು.

---

ಪ್ಲಾಟ್‌ಫಾರಂ ಹುಡುಗ

ಇಷ್ಟು ದಿನ ಇಲ್ಲಿ ಓದುತ್ತಿದ್ದೆನೇ ಹೊರತು ಬರೆದಿರಲಿಲ್ಲ. ರಾಯಚೂರು ಕಡೆಯವನು. ಅಪ್ಪ ಕುಡಿದು ಹೊಡೆಯುತ್ತಿದ್ದ, ಅಮ್ಮ ತೀರಿಕೊಂಡಿದ್ದಳು, ಒಂದು ರಾತ್ರಿ ಬೆಂಗಳೂರು ರೈಲು ಹತ್ತಿದೆ. ಅದನ್ನು ಹೆಚ್ಚು ಬೆಳೆಸುವುದಿಲ್ಲ.

ನಿಲ್ದಾಣದಲ್ಲಿ ಮೊದಲು ಸಿಕ್ಕವನು ನನಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗ. ಇಡ್ಲಿ ಕೊಡಿಸಿದ. ಎಲ್ಲಿ ನೀರು ಸಿಗುತ್ತದೆ, ಯಾವ ಪೊಲೀಸಪ್ಪ ಹೊಡೆಯುತ್ತಾನೆ, ಯಾವ ಡಬ್ಬಿಯಲ್ಲಿ ಅಡಗಿದರೆ ಟಿಕೆಟ್ ಕೇಳುವವರು ಬರುವುದಿಲ್ಲ ಎಲ್ಲ ಕಲಿಸಿದ. ಬಾಟಲಿ ಮಾರಿದ ದುಡ್ಡಿನಲ್ಲಿ ಅರ್ಧ ಅವನಿಗೆ. ನನಗೆ ಅದು ಅನ್ಯಾಯ ಎನಿಸಲೇ ಇಲ್ಲ. ರಾತ್ರಿ ಬೇರೆ ಗುಂಪಿನವರು ಮೈಮೇಲೆ ಬಿದ್ದರೆ ಬಿಡಿಸಲು ಅವನು ಬೇಕಿತ್ತು. ಬಟ್ಟೆಯಲ್ಲಿ ಸೊಲ್ಯೂಷನ್ (ಪಂಕ್ಚರ್ ಹಾಕುವ ಅಂಟು) ಹಾಕಿ ನಶೆಗೆ ಮೂಸುವುದನ್ನೂ ಅವನೇ ಕಲಿಸಿದ. ಹಸಿವು ಗೊತ್ತಾಗುವುದಿಲ್ಲ ಎಂದ. ನಿಜ, ಗೊತ್ತಾಗುತ್ತಿರಲಿಲ್ಲ. ಆಮೇಲೆ ಸೊಲ್ಯೂಷನ್ನಿಗಾಗಿ ಅವನು ಹೇಳಿದ್ದೆಲ್ಲ ಮಾಡಬೇಕಾಯಿತು. ಒಂದು ದಿನ ಅವನು ನನ್ನನ್ನು ಒಂದು ಅಡುಗೆ ಗುತ್ತಿಗೆದಾರನಿಗೆ ಒಪ್ಪಿಸಿದ. ದುಡ್ಡು ಪಡೆದ ಎಂದು ತಿಳಿದದ್ದು ಬಹಳ ಕಾಲದ ನಂತರ. ಅಲ್ಲಿ ಬೆಳಗಿನ ಜಾವದಿಂದ ಪಾತ್ರೆ, ತರಕಾರಿ. ಸಂಬಳ ಕೇಳಿದರೆ “ನಿನ್ನ ಊಟ, ಬಟ್ಟೆ, ಬಸ್ ಖರ್ಚು ಕಳೆದರೆ ನೀನೇ ನನಗೆ ಕೊಡಬೇಕು” ಎನ್ನುತ್ತಿದ್ದ.

ನನ್ನನ್ನು ಮಾರಿದವನ ಮೇಲೆ ಇವತ್ತಿಗೂ ಪೂರ್ತಿ ಸಿಟ್ಟು ಬರುವುದಿಲ್ಲ, ಇದನ್ನು ಯಾರಿಗೂ ಅರ್ಥ ಮಾಡಿಸಲು ಆಗಿಲ್ಲ. ಅವನನ್ನೂ ಹಾಗೆಯೇ ಯಾರೋ ಸಾಕಿದ್ದರು. ನೀವು ಹುಡುಗರ ಮುಂದೆ ಆ ಇಸ್ತ್ರಿ ಅಂಗಿಯವನನ್ನು ಬೈದರೆ ಅವರು ನಿಮ್ಮ ಊಟದ ಮನೆಗೆ ಬರುವುದನ್ನು ಬಿಡುತ್ತಾರೆ, ಅವನ ಹಿಂದೆ ಹೋಗುವುದನ್ನು ಬಿಡುವುದಿಲ್ಲ.

ಮತ್ತೆ, ಹದಿನೆಂಟು ಎಂದು ಏಕೆ ಹೇಳುತ್ತಾರೆ ಗೊತ್ತೆ? ಬಾಲಮಂದಿರದ ಹೆದರಿಕೆಗೆ. ಕೆಲವು ಹುಡುಗರು ಒಮ್ಮೆ ಅಲ್ಲಿಂದ ಓಡಿಬಂದವರೇ ಆಗಿರುತ್ತಾರೆ. ನಾನು ಕೊನೆಗೆ ಒಂದು ಆಶ್ರಯಕ್ಕೆ ಸೇರಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಅಲ್ಲಿ ನಮಗೆ ಎಲ್ಲಕ್ಕಿಂತ ಹೆದರಿಕೆಯ ದಿನ ಹದಿನೆಂಟನೇ ಹುಟ್ಟುಹಬ್ಬ. ಕೇಕ್ ಕತ್ತರಿಸುತ್ತಾರೆ, ಟ್ರಂಕು ಕೊಡುತ್ತಾರೆ, ಹೋಗು ಎನ್ನುತ್ತಾರೆ. ನನ್ನ ಜೊತೆ ಹೊರಬಿದ್ದವನೊಬ್ಬ ಅದೇ ವಾರ ಮೆಜೆಸ್ಟಿಕ್‌ಗೆ ವಾಪಸಾದ.

---

ಊಟದ ಮನೆ

ತಮ್ಮ, ಓದಿ ಸುಮ್ಮನೆ ಕುಳಿತುಬಿಟ್ಟೆ. ಸೊಲ್ಯೂಷನ್ ವಾಸನೆ ಇಲ್ಲಿಯೂ ಬರುತ್ತದೆ. ನಾನು ಬೈದು ಹೊರಗೆ ಕಳುಹಿಸುತ್ತಿದ್ದೆ. ಹದಿನೆಂಟು ದಾಟಿದವರಿಗೆ ಸರ್ಕಾರದಿಂದ ಏನೂ ಇಲ್ಲವೇ?

---

ಸಹಾಯವಾಣಿ ಹಳಬ

ಕಾಗದದಲ್ಲಿ ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು, ಮಕ್ಕಳ ಸಂಸ್ಥೆಯಿಂದ ಹದಿನೆಂಟು ತುಂಬಿ ಹೊರಬರುವವರಿಗೆ ಸಮಾಜದಲ್ಲಿ ನೆಲೆಯೂರಲು ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ. ನಿಯಮಗಳ ಪ್ರಕಾರ 21 ವರ್ಷದವರೆಗೆ ಅನುಪಾಲನೆ (ಸಂಸ್ಥೆ ಬಿಟ್ಟ ಮೇಲಿನ ನೆರವು), ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ. ಬೆಂಗಳೂರಿನಲ್ಲಿ ಪಿಜಿಯ ಒಂದು ಹಾಸಿಗೆಗೇ ಅದಕ್ಕಿಂತ ಹೆಚ್ಚು ಕೇಳುತ್ತಾರೆ ಎಂಬುದು ಬೇರೆ ಮಾತು.

ಆದರೆ ತೊಡಕು ಇಲ್ಲಿದೆ: ಇದೆಲ್ಲ ಸಂಸ್ಥೆಯಲ್ಲಿ ಬೆಳೆದವರಿಗೆ. ಹದಿನಾರಕ್ಕೆ ಬೀದಿಗೆ ಬಂದು, ಯಾವ ಸಮಿತಿಯ ಮುಂದೆಯೂ ಹಾಜರಾಗದೆ ಬೀದಿಯಲ್ಲೇ ಹದಿನೆಂಟು ತುಂಬಿದ ಹುಡುಗನ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಅವನಿಗೆ ಉಳಿಯುವುದು ನಗರದ ವಸತಿರಹಿತರ ತಂಗುದಾಣ. ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ 100 ಜನ ತಂಗುವಷ್ಟು ಜಾಗ ಇರಬೇಕು ಎಂದಿತ್ತು. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಆ ಹಳೆಯ ಲೆಕ್ಕದಲ್ಲಿಯೇ 8,400 ಜನರಿಗೆ ಜಾಗ ಬೇಕು. ಅಷ್ಟಿದ್ದಿದ್ದರೆ ನಿಮ್ಮ ಹುಡುಗರು ಮೇಲ್ಸೇತುವೆಯ ಕೆಳಗೆ ಮಲಗುತ್ತಿರಲಿಲ್ಲ.

ಬಾಲಮಂದಿರದ ಹೆದರಿಕೆಯ ಬಗ್ಗೆ ಪ್ಲಾಟ್‌ಫಾರಂ ಹುಡುಗ ಬರೆದದ್ದು ನೂರಕ್ಕೆ ನೂರು ನಿಜ. ಅದಕ್ಕಾಗಿಯೇ ತೆರೆದ ತಂಗುದಾಣ ಎಂಬ ವ್ಯವಸ್ಥೆ ಇದೆ. ಬೀಗವಿಲ್ಲ, ಬಂದು ಸ್ನಾನ ಮಾಡಿ, ಉಂಡು, ಮಲಗಿ ಹೋಗಬಹುದು. ನಂಬಿಕೆ ಬಂದ ಮೇಲೆ ಮುಂದಿನ ಮಾತು. ಹೊಸದಾಗಿ ಬಂದವನನ್ನು ನೇರವಾಗಿ ಕೂಡಿಹಾಕಿದರೆ ಓಡುವುದೇ ಅವನಿಗೆ ತಿಳಿದ ವಿದ್ಯೆ.

---

ಯಾದಗಿರಿ ಮೇಷ್ಟ್ರು

ನೀವೆಲ್ಲ ಮೆಜೆಸ್ಟಿಕ್ ತುದಿಯಿಂದ ನೋಡುತ್ತಿದ್ದೀರಿ. ನಾನು ಈ ತುದಿಯಲ್ಲಿದ್ದೇನೆ. ಸುಗ್ಗಿ ಮುಗಿದ ಮೇಲೆ ನಮ್ಮ ಶಾಲೆಯ ಹಾಜರಿ ಪುಸ್ತಕ ನೋಡಿ, ಯಾರ ಮನೆಯವರು ಗುಳೆ ಹೋದರು ಎಂದು ಹೇಳಿಬಿಡಬಹುದು. ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಅಪ್ಪ ಅಮ್ಮ ಹೋಗುತ್ತಾರೆ. ಸಣ್ಣ ಮಕ್ಕಳು ಜೊತೆಗೆ, ಹತ್ತು ದಾಟಿದವರು ಅಜ್ಜಿಯ ಹತ್ತಿರ. ಅಜ್ಜಿ ತೀರಿಕೊಂಡರೆ ಆ ಮಗು ಇದ್ದ ಊರಿನಲ್ಲೇ ಅನಾಥ. ಇನ್ನು ಕೆಲವು ಮನೆಗಳಲ್ಲಿ ಮೇಸ್ತ್ರಿಯಿಂದ ತೆಗೆದುಕೊಂಡ ಮುಂಗಡ ತೀರಿರುವುದಿಲ್ಲ. ಅದರ ಬದಲಿಗೆ ಹುಡುಗನನ್ನು ಕಳುಹಿಸುತ್ತಾರೆ. ಆ ಹುಡುಗ ಕೆಲಸದ ಜಾಗದಿಂದ ತಪ್ಪಿಸಿಕೊಂಡರೆ ಮನೆಗೆ ಬರಲಾರ, ಬಂದರೆ ಮೇಸ್ತ್ರಿ ಬಾಗಿಲಲ್ಲಿ ನಿಲ್ಲುತ್ತಾನೆ. ಹೀಗೆ ಮನೆಯಿದ್ದೂ ಮನೆಯಿಲ್ಲದವನಾಗಿ ನಿಮ್ಮ ನಿಲ್ದಾಣಕ್ಕೆ ಬರುತ್ತಾನೆ.

ನಮ್ಮ ಶಾಲೆಯ ಹುಡುಗಿಯೊಬ್ಬಳು ಹೀಗೆಯೇ ಕಾಣೆಯಾದಾಗ ಅಜ್ಜಿಯನ್ನು ಕರೆದುಕೊಂಡು ಠಾಣೆಗೆ ಹೋದೆ. “ತಂದೆತಾಯಿ ಹತ್ತಿರ ಗುಳೆ ಹೋಗಿರಬಹುದು, ವಾರ ನೋಡಿ” ಎಂದರು. ವಕೀಲರು ಇದರ ಬಗ್ಗೆ ಬರೆದರೆ ನಮ್ಮಂಥವರಿಗೆ ಅನುಕೂಲ.

ಪಂಚಾಯಿತಿಯಲ್ಲಿ ಮಹಿಳೆಯರ, ಮಕ್ಕಳ ಸಾಗಣೆ ತಡೆಯುವ ಕಾವಲು ಸಮಿತಿ ಇದೆ. ಫಲಕವೂ ಇದೆ. ನಾನು ಅದರ ಸದಸ್ಯ ಎಂದು ನನಗೆ ಗೊತ್ತಾದದ್ದೇ ಆ ಫಲಕ ಓದಿ.

---

ಕರಿಕೋಟು

ಮೇಷ್ಟ್ರೇ, ವಾರ ಕಾಯುವ ಪ್ರಶ್ನೆಯೇ ಇಲ್ಲ. ಬಚ್‌ಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಕೊಟ್ಟ ಆದೇಶ ಸ್ಪಷ್ಟವಾಗಿದೆ. ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಮೊದಲು ಭಾವಿಸಿ ಎಫ್‌ಐಆರ್ ಮಾಡಬೇಕು. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಠಾಣೆಯ ಸರಹದ್ದು ನಮ್ಮದಲ್ಲ ಎಂದರೆ ಶೂನ್ಯ ಎಫ್‌ಐಆರ್ (ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್) ಕೇಳಿ. ಮತ್ತೆ “ಗುಳೆ ಹೋಗಿರಬಹುದು” ಎಂದು ಹೇಳುವವರ ಮುಂದೆ ದೂರನ್ನು ಬರೆದುಕೊಟ್ಟು ಸ್ವೀಕೃತಿ ಕೇಳಿ. ಬಾಯಿ ಮಾತಿಗೆ ಬರುವ ಉತ್ತರವೇ ಬೇರೆ, ಬರೆದದ್ದಕ್ಕೆ ಬರುವ ಉತ್ತರವೇ ಬೇರೆ.

ಮುಂಗಡಕ್ಕೆ ಬದಲಾಗಿ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಪರಾಧ. ಆ ಸಾಲವೇ ಕಾನೂನಿನ ಕಣ್ಣಿನಲ್ಲಿ ಸತ್ತಂತೆ, ತೀರಿಸಬೇಕಾಗಿಲ್ಲ. ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪ್ರಮಾಣಪತ್ರ ಸಿಕ್ಕರೆ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಪೂರ್ಣ ಪುನರ್ವಸತಿ ವಯಸ್ಕ ಗಂಡಸಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಸಂದರ್ಭಗಳಲ್ಲಿ 3 ಲಕ್ಷ. ಪ್ರಮಾಣಪತ್ರ ಪಡೆಯುವುದೇ ಯುದ್ಧ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ಕಡೆ “ಕೂಲಿ ಬಾಕಿಯ ಜಗಳ” ಎಂದು ಬರೆದು ಮುಗಿಸುತ್ತಾರೆ.

---

ರಾತ್ರಿ ಪಾಳಿ

ಸಾರಿಗೆ ನಿಗಮದಲ್ಲಿ ನಿರ್ವಾಹಕಿ. ಹುಡುಗರ ಬಗ್ಗೆ ಬರೆದಿದ್ದೀರಿ, ಹುಡುಗಿಯರ ಬಗ್ಗೆ ನಾನು ಬರೆಯುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಶೂನ್ಯ. ಇದರಿಂದ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ, ಅದನ್ನು ಆಡಿಕೊಳ್ಳುವವರ ಜೊತೆ ನಾನಿಲ್ಲ. ಹೊಡೆಯುವ ಗಂಡನಿಂದ, ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಬಂದವರನ್ನೂ ನನ್ನ ಬಸ್ಸಿನಲ್ಲಿ ನೋಡಿದ್ದೇನೆ. ದುಡ್ಡಿಲ್ಲ ಎಂಬ ಕಾರಣಕ್ಕೆ ಅವರು ಇನ್ನು ಆ ಮನೆಯಲ್ಲಿ ಕೊಳೆಯಬೇಕಿಲ್ಲ. ಆದರೆ ಬಸ್ಸು ಅವರನ್ನು ನಿಲ್ದಾಣದವರೆಗೆ ಮುಟ್ಟಿಸುತ್ತದೆ, ಅಲ್ಲಿಂದ ಮುಂದೆ?

ರಾತ್ರಿ ಬಸ್ಸಿನಲ್ಲಿ ಒಂಟಿ ಹುಡುಗಿ ಇದ್ದರೆ ನಾನು ಸೂಕ್ಷ್ಮವಾಗಿ ಗಮನಿಸುತ್ತೇನೆ. ಸಾಮಾನು ಇರುವುದಿಲ್ಲ, ಅಥವಾ ಶಾಲೆಯ ಚೀಲದಲ್ಲಿ ಬಟ್ಟೆ. ಆಧಾರ್ ಕೇಳಿದರೆ ಗಾಬರಿ. ಫೋನಿನಲ್ಲಿ ಆ ಕಡೆಯಿಂದ ಯಾರೋ “ಎಲ್ಲಿಗೆ ಬಂದೆ, ಯಾರ ಹತ್ತಿರವೂ ಮಾತನಾಡಬೇಡ, ನಾನು ನಿಂತಿರುತ್ತೇನೆ” ಎನ್ನುತ್ತಿರುತ್ತಾರೆ. ಕೇಳಿದರೆ ಇನ್‌ಸ್ಟಾಗ್ರಾಂ ಪರಿಚಯ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕೊಡಿಸುತ್ತಾನೆ, ಮದುವೆಯಾಗುತ್ತಾನೆ. ಆ ಹುಡುಗಿಗೆ ಉಪದೇಶ ಮಾಡಿದರೆ ನನ್ನನ್ನು ಅವಳಮ್ಮನ ಪಕ್ಷಕ್ಕೆ ಸೇರಿಸಿಬಿಡುತ್ತಾಳೆ. ಆದ್ದರಿಂದ ನಾನು ಕೇಳುವುದು ಒಂದೇ: “ಅವನು ಬರದಿದ್ದರೆ ಎಲ್ಲಿ ಮಲಗುತ್ತೀಯಮ್ಮ?” ಅದಕ್ಕೆ ಅವರಲ್ಲಿ ಉತ್ತರ ಇರುವುದಿಲ್ಲ. ಆಗ ನಿಲ್ದಾಣ ತಲುಪಿದ ಕೂಡಲೇ ಸಂಚಾರ ನಿಯಂತ್ರಕರ ಹತ್ತಿರ ಕೂರಿಸಿ ತುರ್ತು ಸಹಾಯದ 112ಕ್ಕೆ ಕರೆ ಮಾಡುತ್ತೇನೆ. ಕೆಲವು ಚಾಲಕರಿಗೆ ಇದು ತಲೆನೋವು, ಗಾಡಿ ತಡವಾಗುತ್ತದೆ ಎಂದು ಗೊಣಗುತ್ತಾರೆ.

---

ಸಹಾಯವಾಣಿ ಹಳಬ

ಅಕ್ಕ, ನಿಮ್ಮ ಆ ಒಂದು ಪ್ರಶ್ನೆಯನ್ನು ನಮ್ಮ ತರಬೇತಿಗಳಲ್ಲಿ ಹೇಳಿಕೊಡಬೇಕು. ಹದಿನೆಂಟು ದಾಟಿದವರಾದರೆ ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ಕೆಲವು ದಿನ ತಂಗಲು ಅವಕಾಶವಿದೆ, ಮುಂದಕ್ಕೆ ಶಕ್ತಿ ಸದನ ಎಂಬ ಆಶ್ರಯ ಮನೆ. ಮೈಸೂರು ಭಾಗದವರಾದರೆ ಒಡನಾಡಿ ಸಂಸ್ಥೆ ಇದೆ, ಮಾರಾಟಕ್ಕೆ ಒಳಗಾದ ಹೆಣ್ಣುಮಕ್ಕಳ ಜೊತೆ ಮೂರು ದಶಕದಿಂದ ಇರುವವರು.

---

ನೇರಮಾತು

ಮಾಟುಂಗಾದವರು ಹೇಳಿದ್ದು ಯೋಚಿಸುವಂಥದ್ದು, ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಎಲ್ಲ ಮೇಸ್ತ್ರಿಗಳನ್ನೂ ಅನುಮಾನಿಸಿದರೆ ಈ ಹುಡುಗರಿಗೆ ಕೆಲಸ ಕೊಡುವವರಾರು? ಆಶ್ರಯ ಕೊಟ್ಟವರೆಲ್ಲ ಕಳ್ಳರೇ?

---

ಅಂಬಾ

ಈ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ ಎನಿಸುತ್ತದೆ. ನಾನು ಟ್ರಾನ್ಸ್ ಮಹಿಳೆ. ಪಿಯುಸಿ ಓದುವಾಗ ಅಣ್ಣ ಬಾಗಿಲು ಹಾಕಿದ. ಸಂಬಂಧಿಕರು, ಶಾಲೆ, ದೇವಸ್ಥಾನ ಯಾರೂ ಕರೆಯಲಿಲ್ಲ. ಕರೆದವರು ನಮ್ಮ ಸಮುದಾಯದ ಹಿರಿಯರು. ಸೀರೆ ಕೊಟ್ಟರು, ಹೆಸರು ಕೊಟ್ಟರು, ಜ್ವರ ಬಂದಾಗ ರಾತ್ರಿ ಎದ್ದು ಕುಳಿತರು. ಪೊಲೀಸರ, ಪತ್ರಿಕೆಯವರ ಲೆಕ್ಕದಲ್ಲಿ ಅವರೆಲ್ಲ ‘ಜಾಲ’. ನನಗೆ ಅವರು ಅಮ್ಮ.

ಆದರೆ ಅದೇ ಮನೆಯಲ್ಲಿ ನನ್ನ ಮೇಲೆ ಸಾಲದ ಲೆಕ್ಕವೂ ಬೆಳೆಯುತ್ತಿತ್ತು. ಸಿಗ್ನಲ್‌ನಲ್ಲಿ ಭಿಕ್ಷೆ, ರಾತ್ರಿ ಹೆದ್ದಾರಿ. ಬೇಡ ಎಂದು ಹೇಳುವ ಸ್ವಾತಂತ್ರ್ಯ ಇತ್ತೇ ಎಂದರೆ, ಬಾಗಿಲು ತೆರೆದೇ ಇತ್ತು, ಹೊರಗೆ ಹೋಗಲು ಮಾತ್ರ ಇನ್ನೊಂದು ಮನೆ ಇರಲಿಲ್ಲ. ಆಶ್ರಯ ಯಾವುದು, ಹಿಡಿತ ಯಾವುದು ಎಂದು ತಿಳಿಯಲು ನನ್ನ ಅಳತೆ ಇಷ್ಟೇ: ನಿನ್ನ ಆಧಾರ್ ಯಾರ ಹತ್ತಿರ ಇದೆ, ನಿನ್ನ ದುಡ್ಡು ಯಾರ ಹತ್ತಿರ ಇದೆ, ನಾಳೆ ಹೋಗುತ್ತೇನೆ ಎಂದರೆ ಏನಾಗುತ್ತದೆ. ನಿಮ್ಮ ಮಾವನ ಮಾಲೀಕನಿಗೂ ಇದೇ ಅಳತೆ ಹಿಡಿಯಿರಿ, ಊಟದ ಮನೆಗೆ ಬರುವ ಇಸ್ತ್ರಿ ಅಂಗಿಯವನಿಗೂ ಹಿಡಿಯಿರಿ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಮಗುವನ್ನು ಮನೆಯಿಂದ ಹೊರಹಾಕಬಾರದು ಎನ್ನುತ್ತದೆ, ನಮ್ಮನ್ನು ಜೀತಕ್ಕೆ ದೂಡುವುದು ಅಪರಾಧ ಎನ್ನುತ್ತದೆ. ಹೊರಹಾಕಿದ ಅಣ್ಣನ ಮೇಲೆ ಕೇಸು ಆದದ್ದನ್ನು ನಾನಂತೂ ನೋಡಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ನಮ್ಮನ್ನು ಗಾಡಿಗೆ ತುಂಬಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

---

ಪ್ಲಾಟ್‌ಫಾರಂ ಹುಡುಗ

ಅಕ್ಕ, ಆಧಾರ್ ವಿಷಯ ಸರಿಯಾಗಿ ಹೇಳಿದಿರಿ. ನನ್ನದನ್ನು ಗುತ್ತಿಗೆದಾರ ‘ಬ್ಯಾಂಕ್ ಖಾತೆ ಮಾಡಿಸುತ್ತೇನೆ’ ಎಂದು ಇಟ್ಟುಕೊಂಡಿದ್ದ. ಊಟದ ಮನೆಯವರೇ, ಹುಡುಗರಿಗೆ ಒಂದು ಉಪಕಾರ ಮಾಡಬಹುದು. ಅವರ ಕಾರ್ಡಿನ ಫೋಟೊ, ಗೊತ್ತಿರುವ ಒಂದು ಫೋನ್ ನಂಬರು ನಿಮ್ಮ ಹತ್ತಿರ ಇರಲಿ. ಕೆಲಸಕ್ಕೆ ಹೋಗುವವನು ಊರಿನ ಹೆಸರು ಹೇಳಿ ಹೋಗಲಿ, ತಲುಪಿ ಫೋನ್ ಮಾಡಲಿ. ಕರೆದೊಯ್ಯುವವನ ಗಾಡಿಯ ನಂಬರನ್ನು ಅವನ ಮುಂದೆಯೇ ಬರೆದುಕೊಳ್ಳಿ. ನಮ್ಮನ್ನು ಕೇಳುವವರು ಒಬ್ಬರಿದ್ದಾರೆ ಎಂದು ಅವನಿಗೆ ಗೊತ್ತಾದರೆ ಸಾಕು, ಅರ್ಧ ಜನ ಆ ಗಲ್ಲಿಗೇ ಬರುವುದಿಲ್ಲ.

---

ಊಟದ ಮನೆ

ಮಾಡುತ್ತೇನೆ. ನಿನ್ನೆ ವಕೀಲರು ಹೇಳಿದಂತೆ ಬರೆದುಕೊಂಡು ಹೋದೆ. 143ನೇ ಕಲಮು ಎಂದು ಬರೆದಿದ್ದನ್ನು ಓದಿ ಈ ಸಲ ಕೂರಿಸಿ ಮಾತನಾಡಿಸಿದರು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಅವನ ಮುಖವೂ ಗಾಡಿಯೂ ಸಿಕ್ಕಿವೆ. ಹುಡುಗರದ್ದು ಇನ್ನೂ ಸುದ್ದಿಯಿಲ್ಲ.

---

ಕರಿಕೋಟು

ಸ್ವೀಕೃತಿ ಸಂಖ್ಯೆಯನ್ನು ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳುಹಿಸಿ. ಹುಡುಗರ ಫೋಟೊ ಸಹ ಇಲ್ಲಿ ಬೇಡ. ಅಪ್ರಾಪ್ತರಾಗಿದ್ದರೆ ಅವರ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಅಪರಾಧ.

---

ರಾತ್ರಿ ಪಾಳಿ

ವಕೀಲರೇ, ಒಂದು ಸಂದೇಹ. ನಮ್ಮ ಸಹೋದ್ಯೋಗಿಗಳು ಕರೆ ಮಾಡಲು ಹಿಂಜರಿಯುವುದೇ ಕೋರ್ಟು, ಸಾಕ್ಷಿ ಎಂಬ ಭಯಕ್ಕೆ. ಒಂಟಿ ಮಗುವನ್ನು ನೋಡಿಯೂ ಸುಮ್ಮನಿದ್ದರೆ ನಮಗೇನಾದರೂ ತೊಂದರೆಯೇ? ಕರೆ ಮಾಡಿದರೆ ಹೆಸರು ಹೇಳಲೇಬೇಕೇ?

---

ಕರಿಕೋಟು

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವವರು ಹೆಸರು ಹೇಳಬೇಕೆಂದಿಲ್ಲ. ಈ ಸಂಖ್ಯೆ ನಿಂತುಹೋಗಿದೆ ಎಂದು ಕೆಲವರು ತಿಳಿದಿದ್ದಾರೆ, ಹಾಗೇನಿಲ್ಲ. 1996ರಲ್ಲಿ ಮುಂಬೈಯಲ್ಲಿ ಸಂಸ್ಥೆಗಳ ಮೂಲಕ ಆರಂಭವಾದದ್ದು 2023ರಿಂದ ಸರ್ಕಾರದ ಕೈಗೆ ಬಂದು 112ರ ಜೊತೆ ಸೇರಿದೆ.

ಸುಮ್ಮನಿರುವುದರ ಬಗ್ಗೆ: ಪೋಷಕರಿಂದ ಬೇರ್ಪಟ್ಟ, ದಿಕ್ಕಿಲ್ಲದೆ ಕಾಣುವ ಮಗುವನ್ನು ಕಂಡ ಯಾರೇ ಆಗಲಿ 24 ಗಂಟೆಯೊಳಗೆ ಸಹಾಯವಾಣಿಗೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಅಂದರೆ ಭಯಪಡಬೇಕಾದದ್ದು ಕರೆ ಮಾಡಿದವರಲ್ಲ.

---

ರಾತ್ರಿ ಪಾಳಿ

ನಮ್ಮ ಘಟಕದ ಸೂಚನಾ ಫಲಕಕ್ಕೆ ಇದನ್ನೇ ಬರೆದು ಅಂಟಿಸಲೇ? ಘಟಕ ವ್ಯವಸ್ಥಾಪಕರು ಕೇಳಿದರೆ ತೋರಿಸಲು ಕಲಮಿನ ಸಂಖ್ಯೆ ಬೇಕು.

---

ಕರಿಕೋಟು

ಅಂಟಿಸಿ. ಬಾಲನ್ಯಾಯ ಕಾಯ್ದೆ 2015, ಕಲಮು 32, 33 ಮತ್ತು 34. ಆ 24 ಗಂಟೆಯಲ್ಲಿ ಪ್ರಯಾಣದ ಸಮಯ ಸೇರುವುದಿಲ್ಲ ಎಂಬುದನ್ನೂ ಬರೆಯಿರಿ. ಗಾಡಿ ತಡವಾಗುತ್ತದೆ ಎನ್ನುವ ಚಾಲಕರಿಗೆ ಉತ್ತರ ಅದರಲ್ಲೇ ಇದೆ.